ದೊಡ್ಡಾಯಿ ಹೋದ ಸುದ್ದಿ ಮಗಳಿಗೆ ಸ್ಟೇಟಸ್ಸಿನಲ್ಲಿ ಸಿಕ್ಕಿತು

ಸೊಪ್ಪಿನಬೆಟ್ಟ (ಶಿರಸಿ) · ಭಾನುವಾರ, ರಾತ್ರಿ 8:40

ಹೋದ ಮಂಗಳವಾರ ಬೆಳಗಿನ ಜಾವ ನಮ್ಮ ದೊಡ್ಡಾಯಿ ತೀರಿಕೊಂಡರು. ಎಂಬತ್ತೊಂದು ವರ್ಷ, ಎರಡು ತಿಂಗಳಿಂದ ಹಾಸಿಗೆಯಲ್ಲೇ ಇದ್ದರು. ಅವರು ಹೋದದ್ದಕ್ಕೆ ದೂರಿಲ್ಲ, ಸುದ್ದಿ ಹೋದ ರೀತಿಗೆ ನನ್ನ ದೂರು.

ಅವರ ಮಗಳು, ನನಗೆ ಅಕ್ಕನಾಗಬೇಕು, ಬೆಂಗಳೂರಿನಲ್ಲಿದ್ದಾಳೆ. ಅಂದು ಊರಿಗೆ ಹೊರಟು ಬಸ್ಸಿನಲ್ಲಿದ್ದಳು. ತುಮಕೂರು ದಾಟುವಾಗ ಮೊಬೈಲ್ ತೆಗೆದು ನೋಡಿದರೆ ಪಕ್ಕದ ಮನೆಯ ಮಾಣಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದೊಡ್ಡಾಯಿಯ ಫೋಟೋ. ಸುತ್ತ ಹೂವಿನ ಚೌಕಟ್ಟು, ಕೆಳಗೆ ಉರಿಯುವ ದೀಪ, ‘ಮತ್ತೆ ಹುಟ್ಟಿ ಬನ್ನಿ ಅಜ್ಜಿ’ ಎಂಬ ಬರಹ. ಹಿಂದೆ ಯಾವುದೋ ಸಂಗೀತ ಬೇರೆ. ಶಿರಸಿ ಮುಟ್ಟಲು ಇನ್ನೂ ಆರೇಳು ಗಂಟೆಯ ದಾರಿ. ಪಕ್ಕದ ಸೀಟಿನಲ್ಲಿ ಗುರುತಿಲ್ಲದ ಯಾರೋ ಹೆಂಗಸು. ಆಕೆಯೇ ನೀರು ಕೊಟ್ಟು ಹಾವೇರಿಯವರೆಗೆ ಕೈ ಹಿಡಿದುಕೊಂಡು ಕುಳಿತಿದ್ದರಂತೆ.

ನಿಮ್ಮ ಊರಿನ ಗುಂಪುಗಳಲ್ಲಿ ಇದಕ್ಕೇನಾದರೂ ಕಟ್ಟುಪಾಡು ಇದೆಯೆ? ಸಾವಿನ ಮನೆಯವರು ಹೇಳುವ ತನಕ ಯಾರೂ ಹಾಕಬಾರದು ಎಂದು ನಿಯಮ ಮಾಡಿದವರು ಇದ್ದರೆ ಹೇಳಿ. ಆ ಹುಡುಗನನ್ನು ಕರೆದು ನಾಲ್ಕು ಮಾತು ಆಡಬೇಕೆಂದಿದ್ದೇನೆ, ಸೂತಕ ಮುಗಿಯಲಿ ಎಂದು ಕಾಯುತ್ತಿದ್ದೇನೆ.

ಕೋಡಿಬಾಗದವ (ಕಾರವಾರ) · ರಾತ್ರಿ 8:52

ಕಟ್ಟುಪಾಡು? ನಮ್ಮ ಗುಂಪಿನಲ್ಲಿ ಒಬ್ಬರು ಶ್ರದ್ಧಾಂಜಲಿಯ ಕೆಳಗೆ ಹುಟ್ಟುಹಬ್ಬದ ಕೇಕ್ ಒತ್ತಿದರು. ಕನ್ನಡಕ ಹಾಕಿರಲಿಲ್ಲವಂತೆ.

ಬಂಗುಡೆಸಾರು (ಅಂಕೋಲಾ) · ರಾತ್ರಿ 8:58

ನಗುವ ಹೊತ್ತೇ ಇದು? ಸೊಪ್ಪಿನಬೆಟ್ಟದವರೇ, ನಿಮ್ಮ ಅಕ್ಕನ ಸ್ಥಿತಿ ಯಾರಿಗೂ ಬೇಡ. ನಮ್ಮ ಕೇರಿಯಲ್ಲಂತೂ ಉಸಿರು ಹೋಗುವುದಕ್ಕೂ ‘ಓಂ ಶಾಂತಿ’ ಬರುವುದಕ್ಕೂ ನಡುವೆ ಐದು ನಿಮಿಷವಿಲ್ಲ. ಹೋದ ವರ್ಷ ಒಬ್ಬ ಅಜ್ಜನಿಗೆ ಬದುಕಿರುವಾಗಲೇ ಶಾಂತಿ ಕೋರಿದರು. ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ, ಬೆಳಿಗ್ಗೆ ಮೀನು ಪೇಟೆಯಲ್ಲಿ ಚೌಕಾಸಿ ಮಾಡುತ್ತಿದ್ದರು.

ಕೋಡಿಬಾಗದವ (ಕಾರವಾರ) · ರಾತ್ರಿ 9:01

ಈಗ ನಗಿಸಿದವರು ನೀವು.

ನಿವೃತ್ತ ಮೇಷ್ಟ್ರು (ಹೊನ್ನಾವರ) · ರಾತ್ರಿ 9:20

ನಾನು ತಂತಿಯ, ಅಂದರೆ ಟೆಲಿಗ್ರಾಮಿನ, ಕಾಲದವನು. ನಮ್ಮ ದೇಶದಲ್ಲಿ ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದಕ್ಕೂ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ತಂತಿ ಎಂದರೆ ಸಾವು ಎಂದೇ ಆಗಿತ್ತು. ಅಂಚೆಯವನ ಮುಖ ನೋಡಿಯೇ ಹೆಂಗಸರು ಅಳಲು ಸುರು ಮಾಡುತ್ತಿದ್ದರು, ಲಕೋಟೆ ಒಡೆಯುವುದು ಆಮೇಲೆ. ಒಮ್ಮೆ ನಮ್ಮ ಮನೆಗೆ ಬಂದ ತಂತಿಯಲ್ಲಿ ಭಾವನಿಗೆ ಕೆಲಸ ಸಿಕ್ಕಿದ ಸುದ್ದಿ ಇತ್ತು. ಅಷ್ಟರಲ್ಲಿ ನನ್ನ ಅಜ್ಜಿ ಮೂರು ಜನರ ಹೆಸರು ಹೇಳಿ ಅತ್ತಾಗಿತ್ತು.

ಆದರೆ ಒಂದು ಮಾತು. ತಂತಿಯಲ್ಲಿ ‘ಸತ್ತರು’ ಎಂದು ಬರೆಯುತ್ತಿದ್ದುದು ಕಡಿಮೆ. ‘ತಾಯಿಗೆ ಗಂಭೀರ, ಕೂಡಲೇ ಹೊರಡು’ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದ ಇರುತ್ತಿದ್ದವು. ಗಂಭೀರ ಎಂದರೆ ಹೋಗಿಯಾಗಿದೆ ಎಂದು ಕಳುಹಿಸಿದವನಿಗೂ ಗೊತ್ತು, ಓದಿದವನಿಗೂ ಗೊತ್ತು. ಆದರೂ ದಾರಿಯುದ್ದಕ್ಕೂ ಒಂದೆಳೆ ಆಸೆ ಇರುತ್ತಿತ್ತು. ಮುಂಬೈಯಿಂದ ಎರಡು ದಿನದ ಪ್ರಯಾಣವನ್ನು ಮನುಷ್ಯ ಆ ಎಳೆ ಹಿಡಿದುಕೊಂಡೇ ಮಾಡುತ್ತಿದ್ದ. ಅಂಗಳಕ್ಕೆ ಕಾಲಿಟ್ಟು ಜಗುಲಿಯಲ್ಲಿ ಕುಳಿತ ಜನರನ್ನು ಕಂಡಾಗ ತಿಳಿಯುತ್ತಿತ್ತು. ಹೇಳಬೇಕಾದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ತೋಟಿಗ (ಯಲ್ಲಾಪುರ) · ರಾತ್ರಿ 9:33

ಮೇಷ್ಟ್ರೇ, ಸತ್ಯ. ನನ್ನ ಅಪ್ಪಯ್ಯ ಹೋದಾಗ ನನಗೂ ‘ಸ್ವಲ್ಪ ಹುಷಾರಿಲ್ಲ’ ಎಂದೇ ಫೋನು ಬಂದಿತ್ತು. ಹುಬ್ಬಳ್ಳಿಯಿಂದ ಬರುವಾಗ ದಾರಿಯಲ್ಲಿ ಎಳನೀರು ತೆಗೆದುಕೊಂಡೆ, ಅವರಿಗೆ ಕುಡಿಸೋಣವೆಂದು.

ಸಿದ್ದಾಪುರದ ಸೊಸೆ · ರಾತ್ರಿ 9:47

ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದೀರಿ, ನನಗೆ ಮಾತ್ರ ಒಂದು ಲೆಕ್ಕ ಹೊಂದುತ್ತಿಲ್ಲ. ದೊಡ್ಡಾಯಿ ಹೋದದ್ದು ಬೆಳಗಿನ ಜಾವ. ಮಗಳು ಸ್ಟೇಟಸ್ ನೋಡಿದ್ದು ತುಮಕೂರಿನಲ್ಲಿ. ಅಂದರೆ ಅವರು ಆಗಲೇ ಬಸ್ಸು ಹತ್ತಿಯಾಗಿತ್ತು. ಕೆಲಸದ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಊರಿಗೆ ಹೊರಡಲು ಅವರಿಗೆ ಯಾರು ಏನು ಹೇಳಿದ್ದರು?

ಸೊಪ್ಪಿನಬೆಟ್ಟ (ಶಿರಸಿ) · ರಾತ್ರಿ 9:55

ಮನೆಯವರು ಫೋನು ಮಾಡಿದ್ದರು. ಅದು ಬೇರೆ ವಿಷಯ. ನನ್ನ ಪ್ರಶ್ನೆ ಸ್ಟೇಟಸ್ಸಿನದು.

ಸಿದ್ದಾಪುರದ ಸೊಸೆ · ರಾತ್ರಿ 9:56

ಬೇರೆ ವಿಷಯವಲ್ಲ ಎಂದು ನನಗೆ ಅನ್ನಿಸುತ್ತಿದೆ. ಇರಲಿ.

ನಾನೂ ಅಡ್ಮಿನ್ (ಹಳಿಯಾಳ) · ರಾತ್ರಿ 10:10

ನಿಯಮದ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಉತ್ತರ. ನಮ್ಮ ಊರಿನ ಗುಂಪನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಸಂಬಳವಿಲ್ಲ, ಬೈಗುಳ ಧಾರಾಳ. ನಾವು ಮಾಡಿಕೊಂಡದ್ದು ಇಷ್ಟೇ: ಸಾವಿನ ಸುದ್ದಿಯನ್ನು ಆ ಮನೆಯವರು, ಇಲ್ಲವೇ ಅವರು ಹೇಳಿದವರು ಮಾತ್ರ ಹಾಕಬೇಕು. ಬೇರೆ ಯಾರೇ ಹಾಕಿದರೂ ನಾನು ಅಳಿಸುತ್ತೇನೆ. ಈಗ ಯಾರ ಸಂದೇಶವನ್ನಾದರೂ ಎಲ್ಲರ ಮೊಬೈಲಿನಿಂದ ಅಳಿಸುವ ಸೌಕರ್ಯ ಅಡ್ಮಿನ್ನರಿಗಿದೆ. ಮಳೆಗಾಲದಲ್ಲಿ ಕೆಲವು ದಿನ ಗುಂಪನ್ನು ಅಡ್ಮಿನ್ನರು ಮಾತ್ರ ಬರೆಯುವಂತೆ ಮಾಡಿಡುತ್ತೇನೆ. ಕಾರಣ, ಹೋದ ವರ್ಷ ಯಾರೋ ಹಳೆಯ ರಜೆ ಆದೇಶವನ್ನು ಮತ್ತೆ ಹಾಕಿ, ಅರ್ಧ ಊರಿನ ಮಕ್ಕಳು ಮನೆಯಲ್ಲುಳಿದರು. ಆದೇಶದ ತಾರೀಕು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಮಕ್ಕಳಿಗಂತೂ ಇರಲೇ ಇಲ್ಲ.

ಆದರೆ ಸ್ಟೇಟಸ್ಸಿಗೆ ಅಡ್ಮಿನ್ ಇಲ್ಲ. ಅದು ಅವರವರ ಮನೆಯ ಗೋಡೆ. ಇಪ್ಪತ್ತನಾಲ್ಕು ಗಂಟೆ ಇರುತ್ತದೆ, ಆಮೇಲೆ ತಾನಾಗಿ ಅಳಿಯುತ್ತದೆ. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿರುತ್ತದೆ.

ತಾಳಮದ್ದಲೆ ಪ್ರಿಯ · ರಾತ್ರಿ 10:14

ಅಡ್ಮಿನ್ನರೇ, ಗುಂಪಿನಲ್ಲಿ ಯಾರೋ ಏನೋ ಹಾಕಿದರೆ ಪೊಲೀಸರು ಅಡ್ಮಿನ್ನನ್ನೇ ಹಿಡಿಯುತ್ತಾರಂತೆ, ಹೌದೇ? ನನ್ನನ್ನು ನಮ್ಮ ಯಕ್ಷಗಾನ ಗುಂಪಿಗೆ ಅಡ್ಮಿನ್ ಮಾಡಿದ್ದಾರೆ. ಅಂದಿನಿಂದ ನಿದ್ದೆ ಕಡಿಮೆ.

ನಾನೂ ಅಡ್ಮಿನ್ (ಹಳಿಯಾಳ) · ರಾತ್ರಿ 10:19

ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಕಾರಣಕ್ಕೇ ಯಾರೂ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೆಮ್ಮದಿಯಿಂದ ಮಲಗಿ. ಭಾಗವತರ ಅಭಿಮಾನಿಗಳ ಜಗಳಕ್ಕೆ ಮಾತ್ರ ಯಾವ ಕೋರ್ಟೂ ಪರಿಹಾರ ಕೊಡುವುದಿಲ್ಲ.

ತಾಳಮದ್ದಲೆ ಪ್ರಿಯ · ರಾತ್ರಿ 10:31

ಆ ಜಗಳದ ಮಾತೇ ಎತ್ತಬೇಡಿ! ರಾತ್ರಿಯಿಡೀ ನಡೆದ ಪ್ರಸಂಗದಿಂದ ಮೂವತ್ತು ಸೆಕೆಂಡಿನ ಕುಣಿತ ಕತ್ತರಿಸಿ ಹಾಕುತ್ತಾರೆ. ಅದನ್ನು ನೋಡಿದವರು ಕಲಾವಿದನನ್ನು ಅಳೆಯುತ್ತಾರೆ. ಈಗ ಕೆಲವು ವೇಷಧಾರಿಗಳೂ ಆ ಮೂವತ್ತು ಸೆಕೆಂಡಿಗೆಂದೇ ಹೆಚ್ಚು ಸುತ್ತು ಹಾಕುತ್ತಾರೆ ಎಂಬ ಗುಮಾನಿ ನನಗಿದೆ. ತಾಳಮದ್ದಲೆಗೆ ಈ ರೋಗ ತಗಲಿಲ್ಲ. ಕುಳಿತು ಅರ್ಥ ಹೇಳುವವರನ್ನು ಯಾರು ಕತ್ತರಿಸುತ್ತಾರೆ ಎಂದುಕೊಂಡಿದ್ದೆ. ಮೊನ್ನೆ ವಾಲಿ ರಾಮನಿಗೆ ಕೇಳಿದ ಪ್ರಶ್ನೆಯನ್ನು ಮಾತ್ರ ಕತ್ತರಿಸಿ ಹಾಕಿದರು, ರಾಮನ ಉತ್ತರ ಬಿಟ್ಟರು. ಕೆಳಗೆ ನಾನೂರು ಜನ ರಾಮನಿಗೆ ಬೈದಿದ್ದಾರೆ.

ನಿವೃತ್ತ ಮೇಷ್ಟ್ರು (ಹೊನ್ನಾವರ) · ರಾತ್ರಿ 10:36

ಉತ್ತರ ಹಾಕಿದ್ದರೂ ಇನ್ನೂರು ಜನ ಬೈಯುತ್ತಿದ್ದರು. ಆ ಜಗಳ ಮೊಬೈಲಿಗಿಂತ ಹಳೆಯದು.

ದಾದಿ (ಕುಮಟಾ) · ರಾತ್ರಿ 11:05

ರಾತ್ರಿ ಪಾಳಿ, ಈಗ ಓದಿದೆ. ವಾರ್ಡಿನಲ್ಲಿ ದಿನವೂ ಕಾಣುವುದು ಇದನ್ನೇ. ಸಂಬಂಧಿಕರು ಬಂದ ಕೂಡಲೇ ಮೊದಲು ಫೋಟೋ ತೆಗೆಯುತ್ತಾರೆ. ಮೂಗಿಗೆ ನಳಿಕೆ ಹಾಕಿದ ಮುಖ, ಸರಿದ ಸೀರೆ, ಏನೂ ನೋಡುವುದಿಲ್ಲ. ಒಮ್ಮೆ ಒಬ್ಬ ತಾಯಿ ನನ್ನ ಕೈ ಹಿಡಿದು, ‘ತಂಗಿ, ಆ ಹುಡುಗನಿಗೆ ಹೇಳು, ನನ್ನ ತಲೆ ಬಾಚಿಲ್ಲ’ ಎಂದರು. ಆಮೇಲೆ ನಾನು ಬಾಚಿದೆ, ಒಂದು ಜಡೆಯನ್ನೂ ಹಾಕಿದೆ. ಅಷ್ಟರಲ್ಲಿ ಫೋಟೋ ದುಬೈ ಮುಟ್ಟಿಯಾಗಿತ್ತು.

ಗಾಳ (ಕುಮಟಾ) · ರಾತ್ರಿ 11:28

ನನ್ನ ಹೊಟ್ಟೆಪಾಡೇ ಸಾಫ್ಟ್‌ವೇರ್, ಮನೆಯಿಂದಲೇ ಕೆಲಸ. ಅದಕ್ಕೇ ಹೇಳುತ್ತೇನೆ, ಹುಡುಗನನ್ನು ಬೈಯುವ ಮೊದಲು ಸ್ಟೇಟಸ್ಸಿನ ತಳದಲ್ಲಿರುವ ಕಣ್ಣಿನ ಗುರುತನ್ನು ನೋಡಿ. ಯಾರು ಯಾರು ನೋಡಿದರು ಎಂಬ ಪಟ್ಟಿ ಅದು. ಇಡೀ ಏರ್ಪಾಡಿನ ಬೆಲ್ಲ ಇರುವುದು ಅಲ್ಲಿ. ಫೇಸ್‌ಬುಕ್ಕಿಗೆ 2009ರಲ್ಲಿ ಲೈಕ್ ಗುಂಡಿ ಬಂತು. ಅದಕ್ಕೂ ಮೊದಲೇ, 2006ರಲ್ಲಿ, ಪುಟ ಮುಗಿಯದಂತೆ ಕೆಳಗೆ ಕೆಳಗೆ ತಾನೇ ತೆರೆದುಕೊಳ್ಳುವ ವಿನ್ಯಾಸವನ್ನು ಏಜಾ ರಾಸ್ಕಿನ್ ಮಾಡಿದರು. ಮಾಡಿದ್ದಕ್ಕೆ ಪಶ್ಚಾತ್ತಾಪವನ್ನೂ ಪಟ್ಟರು.

ನಮ್ಮ ಹೊಳೆಯ ದಂಡೆಯ ಉದಾಹರಣೆ ಕೊಡುತ್ತೇನೆ. ಗಾಳ ಹಾಕಿದ ಪ್ರತಿ ಸಲವೂ ಮೀನು ಸಿಕ್ಕಿದರೆ ನೀವು ಬುಟ್ಟಿ ತುಂಬಿಸಿ ಮನೆಗೆ ಹೋಗುತ್ತೀರಿ. ಒಂದೂ ಸಿಗದಿದ್ದರೂ ಎದ್ದು ಹೋಗುತ್ತೀರಿ. ಯಾವಾಗಲೋ ಒಮ್ಮೆ ಸಿಗುತ್ತದೆ, ಯಾವಾಗ ಎಂದು ಗೊತ್ತಿಲ್ಲ. ಅದಕ್ಕೇ ಸಂಜೆಯವರೆಗೆ ಕುಳಿತಿರುತ್ತೀರಿ. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡದ್ದೂ ಇದನ್ನೇ: ಕಾಳು ಲೆಕ್ಕವಿಲ್ಲದೆ ಬಂದಾಗಲೇ ಹಕ್ಕಿ ಹೆಚ್ಚು ಕುಕ್ಕುತ್ತದೆ. ನಾವು ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದು ಬಿಡುತ್ತೇವಲ್ಲ, ಅದೇ ಕುಕ್ಕುವುದು.

ಬಂಗುಡೆಸಾರು (ಅಂಕೋಲಾ) · ರಾತ್ರಿ 11:34

ಅಂದರೆ ಮೀನು ನಾವೋ, ಗಾಳ ಹಾಕಿದವರೋ?

ಗಾಳ (ಕುಮಟಾ) · ರಾತ್ರಿ 11:36

ಗಾಳ ಹಾಕಿದವನು ಎಂದು ತಿಳಿದುಕೊಂಡಿರುವ ಮೀನು.

ಮೌನಿ · ರಾತ್ರಿ 12:20

ಇಲ್ಲಿ ಬರೆಯುವವನಲ್ಲ, ಓದುವವನು. ಗಾಳದವರು ಬರೆದ ಪಟ್ಟಿಯ ಮಾತು ಚುಚ್ಚಿತು. ನಾನು ಅದನ್ನೇ ಮಾಡಿದವನು.

ನನ್ನ ಸೋದರಮಾವ ಹೋದಾಗ ನಾನು ಪಕ್ಕದಲ್ಲೇ ಇದ್ದೆ. ಒಳಗೆ ಅತ್ತೆ ಅಳುತ್ತಿದ್ದರು, ದೇಹವನ್ನು ಕೆಳಗೆ ಇಳಿಸುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಒಳ್ಳೆಯ ಫೋಟೋ ಹುಡುಕಿದೆ. ಎರಡು ಫೋಟೋ ಇಷ್ಟವಾಗಲಿಲ್ಲ. ಮೂರನೆಯದಕ್ಕೆ ಬೆಳಕು ಸರಿ ಮಾಡಿದೆ. ಹಾಕಿದೆ. ಮತ್ತೆ ಒಳಗೆ ಹೋಗಿ ನಾನೂ ಅತ್ತುಬಿಟ್ಟೆ. ನಡುನಡುವೆ ಹಿತ್ತಲಿಗೆ ಬಂದು ಎಷ್ಟು ಜನ ನೋಡಿದರು ಎಂದು ನೋಡಿದೆ. ನನ್ನ ಅಳು ಸುಳ್ಳಾಗಿರಲಿಲ್ಲ, ಅದನ್ನು ನಂಬಿ. ಆದರೆ ಸುದ್ದಿ ಮೊದಲು ನನ್ನಿಂದ ಹೋಯಿತು ಎಂಬ ಒಂದು ತರಹದ ಹೆಮ್ಮೆಯೂ ಇತ್ತು. ಅದು ಇತ್ತು ಎಂದು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ದಾದಿ (ಕುಮಟಾ) · ರಾತ್ರಿ 12:41

ಹೇಳಿದ್ದು ಒಳ್ಳೆಯದಾಯಿತು.

ಬಂಗುಡೆಸಾರು (ಅಂಕೋಲಾ) · ಸೋಮವಾರ, ಬೆಳಿಗ್ಗೆ 6:50

ನಿನ್ನೆ ರಾತ್ರಿಯಿಡೀ ಎಲ್ಲರೂ ಮೊಬೈಲಿಗೆ ಬೈದಿರಿ. ನಾನು ಸ್ವಲ್ಪ ಎದುರು ಮಾತನಾಡುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ನಮ್ಮ ಕಡೆಯವರಿಗೆ ಮೊದಲು ತಿಳಿದದ್ದು ಈ ಗುಂಪುಗಳಿಂದಲೇ. ಯಾರು ಎಲ್ಲಿ ಸಿಲುಕಿದ್ದಾರೆ, ಯಾವ ರಸ್ತೆ ಬಂದ್, ಯಾರ ಮನೆಗೆ ಗಂಗಾವಳಿ ಹೊಳೆ ನುಗ್ಗಿದೆ ಎಲ್ಲ ಬಂತು. ಸುಳ್ಳೂ ಬಂತು, ಒಪ್ಪುತ್ತೇನೆ. ಸತ್ತವರ ಸಂಖ್ಯೆ ಪ್ರತಿ ಅರ್ಧ ಗಂಟೆಗೊಮ್ಮೆ ಏರುತ್ತಿತ್ತು, ಇಳಿಯುತ್ತಿತ್ತು. ಎಲ್ಲಿಂದಲೋ ಬಂದ ಯೂಟ್ಯೂಬಿನವರು ಅಳುವವರ ಬಾಯಿಗೆ ಮೈಕು ಹಿಡಿದರು. ಆದರೆ ಕೇರಳದ ಲಾರಿ ಚಾಲಕನಿಗಾಗಿ ಹುಡುಕಾಟ ನಿಲ್ಲಬಾರದು ಎಂದು ಜನ ಪಟ್ಟು ಹಿಡಿದದ್ದೂ ಇದೇ ಮೊಬೈಲಿನಲ್ಲಿ. ಸೆಪ್ಟೆಂಬರ್ 25ರಂದು ಹೊಳೆಯ ತಳದಿಂದ ಲಾರಿ ಮೇಲೆ ಬಂತು.

ಇನ್ನೊಂದು. ನಮ್ಮ ತಾಲ್ಲೂಕಿನ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೋ ದೇಶವೆಲ್ಲ ಓಡಿತು. ಆ ಅಜ್ಜಿ ನರ್ಸರಿಯಲ್ಲಿ ಸಸಿ ಮಾಡುತ್ತಿದ್ದುದು ಹತ್ತಾರು ವರ್ಷದಿಂದ. ಅವರ ಊರು ಹೊನ್ನಳ್ಳಿ ಇಲ್ಲಿಂದ ಎಷ್ಟು ದೂರ? ನಮ್ಮಲ್ಲಿ ಎಷ್ಟು ಜನ ಅದಕ್ಕೂ ಮೊದಲು ಅವರ ಮನೆಗೆ ಹೋಗಿದ್ದರು? ನಾನಂತೂ ಹೋಗಿರಲಿಲ್ಲ.

ಕೋಡಿಬಾಗದವ (ಕಾರವಾರ) · ಬೆಳಿಗ್ಗೆ 7:15

ಶಿರೂರಿನ ನಂತರ ಮೂರು ವಾರವೂ ಆಗಿರಲಿಲ್ಲ ಅಥವಾ ಆಗಿತ್ತು, ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. ನಾನು ಸೇತುವೆಯ ಹತ್ತಿರದವನು. ನನಗೆ ಸುದ್ದಿ ಕೊಟ್ಟದ್ದು ಅಬುಧಾಬಿಯಲ್ಲಿರುವ ತಮ್ಮ. ‘ಅಣ್ಣ, ಸೇತುವೆ ಬಿದ್ದಿದೆ, ನೋಡಿದೆಯಾ?’ ಎಂದ. ಬಾಗಿಲು ತೆರೆದು ಹೊರಗೆ ಹೋಗುವ ಬದಲು ನಾನು ವಾಟ್ಸಾಪ್ ತೆರೆದೆ. ನನ್ನ ಹೆಂಡತಿ ಇಂದಿಗೂ ಇದನ್ನು ಎಲ್ಲ ನೆಂಟರಿಗೂ ಹೇಳುತ್ತಾಳೆ.

ತೋಟಿಗ (ಯಲ್ಲಾಪುರ) · ಬೆಳಿಗ್ಗೆ 7:40

ಜುಲೈ 16ರಿಂದ ಆಗಸ್ಟ್ 7ಕ್ಕೆ ಇಪ್ಪತ್ತೆರಡು ದಿನ. ಮೂರು ವಾರ ಮತ್ತು ಒಂದು ದಿನ.

ಕೋಡಿಬಾಗದವ (ಕಾರವಾರ) · ಬೆಳಿಗ್ಗೆ 7:42

ಅಡಿಕೆ ಲೆಕ್ಕ ಇಡುವವರ ಮುಂದೆ ಮಾತನಾಡಬಾರದು.

ತೋಟಿಗ (ಯಲ್ಲಾಪುರ) · ಬೆಳಿಗ್ಗೆ 8:05

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ಹೇಳುತ್ತೇನೆ ಕೇಳಿ. ಅಡಿಕೆಯ ಕೊಳೆ ರೋಗದ ಮದ್ದಿಗೆ ಅಜ್ಜನ ಕಾಲದ ಲೆಕ್ಕ ಒಂದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಕೆಂಪು ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು. ನನ್ನ ಮಗ ಯಾವುದೋ ಒಂದು ನಿಮಿಷದ ವಿಡಿಯೋ ನೋಡಿ ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮಿನಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದ. ಚಾಕುವಿನ ಮಾತು ವಿಡಿಯೋದಲ್ಲಿ ಇರಲಿಲ್ಲವಂತೆ. ಕೊನೆಗೌಡ ಮರ ಹತ್ತುವ ಮೊದಲು ಡ್ರಮ್ ನೋಡಿ ನಕ್ಕು ಕವಳ ಹಾಕಿಕೊಂಡು ಕುಳಿತ. ಆ ದಿನದ ಕೂಲಿ ದಂಡ, ಮದ್ದೂ ದಂಡ.

ಆದರೆ ಎಲೆಚುಕ್ಕೆ ರೋಗ ಬಂದಾಗ ಪಕ್ಕದ ತೋಟದವನ ಎಲೆಯ ಫೋಟೋ ಗುಂಪಿನಲ್ಲಿ ನೋಡಿಯೇ ನಾನು ಎಚ್ಚರವಾದೆ. ಅದನ್ನೂ ಹೇಳಬೇಕು.

ಉಂಬಳ (ಶಿರಸಿ) · ಬೆಳಿಗ್ಗೆ 9:30

ನನ್ನದೂ ಒಂದು ತಪ್ಪೊಪ್ಪಿಗೆ ಇರಲಿ, ಇವತ್ತು ಕಾಲ ಕೂಡಿಬಂದಿದೆ. ನಮ್ಮ ಬೆಟ್ಟದಲ್ಲಿ ಹೆಸರೇ ಇಲ್ಲದ ಒಂದು ಅಬ್ಬಿ, ಅಂದರೆ ಜಲಪಾತ, ಇದೆ. ಯಾಣ, ಉಂಚಳ್ಳಿ, ವಿಭೂತಿಗೆಲ್ಲ ಜನ ತುಂಬಿದ್ದಾರೆ, ಇದನ್ನು ನಾನೊಬ್ಬನೇ ತೋರಿಸೋಣ ಎಂದು ರೀಲ್ ಮಾಡಿ ಹಾಕಿದೆ, ದಾರಿಯನ್ನೂ ಹೇಳಿದೆ. ಮುಂದಿನ ಭಾನುವಾರ ಬೈಕುಗಳ ಸಾಲು. ಅದರ ಮುಂದಿನ ಭಾನುವಾರ ಬಾಟಲಿಗಳ ಸಾಲು. ನಮ್ಮ ಮನೆಗೆ ಕುಡಿಯುವ ನೀರು ಬರುವುದು ಅದೇ ಹಳ್ಳದಿಂದ. ಅಪ್ಪಯ್ಯ ಒಂದು ತಿಂಗಳು ನನ್ನ ಹತ್ತಿರ ಮಾತನಾಡಲಿಲ್ಲ. ರೀಲ್ ಅಳಿಸಿದೆ, ಆದರೆ ಬೇರೆಯವರು ಅದನ್ನೇ ನೋಡಿ ಮಾಡಿದ ರೀಲುಗಳು ಇನ್ನೂ ಓಡುತ್ತಿವೆ. ಮಳೆಗಾಲದಲ್ಲಿ ಬರುವವರನ್ನು ರಕ್ತ ಹೀರುವ ಉಂಬಳಗಳು ಸ್ವಲ್ಪ ತಡೆಯುತ್ತವೆ. ಅವುಗಳ ಋಣಕ್ಕೆ ಈ ಹೆಸರು ಇಟ್ಟುಕೊಂಡಿದ್ದೇನೆ.

ನಿವೃತ್ತ ಮೇಷ್ಟ್ರು (ಹೊನ್ನಾವರ) · ಬೆಳಿಗ್ಗೆ 10:02

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಊದಿ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ತಂದರೆಂದು ಓದಿದ್ದೆ. ಆಸ್ಟ್ರೇಲಿಯಾದಲ್ಲಿ ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಬೇಡವೆಂದು ಕಾನೂನೇ ಮಾಡಿದರು, 2025ರ ಡಿಸೆಂಬರ್ 10ರಿಂದ ಜಾರಿ. ನಮ್ಮ ಊರಿನಲ್ಲಿ ಸೈರನ್ ಪ್ರಸ್ತಾಪ ಮಾಡಿದೆ. ಯಾವ ಹೊತ್ತಿಗೆ ಊದಬೇಕು ಎಂದು ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ರಾತ್ರಿ ಹನ್ನೊಂದರವರೆಗೆ ಎಲ್ಲರೂ ಮೊಬೈಲ್ ಹಿಡಿದುಕೊಂಡು ಚರ್ಚಿಸಿದರು.

ಸಿದ್ದಾಪುರದ ಸೊಸೆ · ಬೆಳಿಗ್ಗೆ 10:20

ಇವತ್ತು ನನ್ನ ಪ್ರಶ್ನೆಗೆ ಉತ್ತರ ಬರುತ್ತದೆಯೋ ಇಲ್ಲವೋ ಎಂದು ಬೆಳಗಿನಿಂದ ನೋಡುತ್ತಿದ್ದೇನೆ. ಸೈರನ್, ಉಂಬಳ, ಮೈಲುತುತ್ತ ಎಲ್ಲ ಬಂತು.

ಸೊಪ್ಪಿನಬೆಟ್ಟ (ಶಿರಸಿ) · ಬೆಳಿಗ್ಗೆ 11:48

ಬರೆಯುತ್ತೇನೆ. ರಾತ್ರಿ ನಿದ್ದೆ ಬರಲಿಲ್ಲ.

ಫೋನು ಮಾಡಿದ ‘ಮನೆಯವರು’ ನಾನೇ. ದೊಡ್ಡಾಯಿ ಹೋದದ್ದು ನಾಲ್ಕೂವರೆಗೆ. ಹಿಂದಿನ ರಾತ್ರಿಯ ಗಾಳಿಗೆ ಕರೆಂಟ್ ಹೋಗಿತ್ತು, ಕರೆಂಟ್ ಇಲ್ಲದಿದ್ದರೆ ನಮ್ಮಲ್ಲಿ ಟವರೂ ಮಲಗುತ್ತದೆ. ಸಿಗ್ನಲ್ ಸಿಗಬೇಕಾದರೆ ಗುಡ್ಡದ ತಲೆಗೆ ಹತ್ತಬೇಕು. ‘ಅವಳಿಗೆ ಈಗಲೇ ಹೇಳಬೇಡ, ಒಬ್ಬಳೇ ಬರುವವಳು, ಹುಷಾರಿಲ್ಲ ಎಂದು ಮಾತ್ರ ಹೇಳು’ ಎಂದು ಅಣ್ಣ, ಅವಳ ಒಡಹುಟ್ಟಿದವನೇ, ಹೇಳಿ ಕಳುಹಿಸಿದ. ಐದೂಕಾಲಕ್ಕೆ ಕೊಡೆ ಹಿಡಿದು ಗುಡ್ಡದ ಮೇಲೆ ನಿಂತು, ‘ದೊಡ್ಡಾಯಿಗೆ ಜ್ವರ ಜಾಸ್ತಿ, ಹೊರಟು ಬಾ’ ಎಂದೆ. ‘ಮಾತನಾಡುತ್ತಿದ್ದಾಳೆಯೇ?’ ಎಂದು ಕೇಳಿದಳು. ‘ಮಲಗಿದ್ದಾಳೆ’ ಎಂದೆ.

ಅವಳು ದಾರಿಯಲ್ಲಿ ಹಣ್ಣು ಕೊಂಡಿದ್ದಳು. ತೋಟಿಗರು ಎಳನೀರಿನ ಮಾತು ಬರೆದಾಗ ಮೊಬೈಲ್ ಕೆಳಗಿಟ್ಟು ಎದ್ದು ಹೋದೆ.

ನಾನು ಗುಡ್ಡ ಇಳಿಯುವಾಗ ಆ ಮಾಣಿ ಹತ್ತುತ್ತಿದ್ದ. ‘ಅಕ್ಕನಿಗೆ ಹೇಳಿಯಾಯಿತಾ?’ ಎಂದು ಕೇಳಿದ. ‘ಆಯಿತು, ಹೊರಟಿದ್ದಾಳೆ’ ಎಂದೆ. ಏನು ಹೇಳಿದೆ ಎಂದು ಅವನಿಗೆ ಹೇಳಲಿಲ್ಲ. ಇದನ್ನು ನಾನು ನಿನ್ನೆ ರಾತ್ರಿಯವರೆಗೆ ನೆನಪಿಸಿಕೊಂಡೇ ಇರಲಿಲ್ಲ.

ಸಿದ್ದಾಪುರದ ಸೊಸೆ · ಬೆಳಿಗ್ಗೆ 11:55

ಬರೆದದ್ದಕ್ಕೆ ಗೌರವವಿದೆ. ಒತ್ತಿ ಕೇಳಿದೆ, ಬೇಸರ ಮಾಡಿಕೊಳ್ಳಬೇಡಿ.

ಹತ್ತು ವರ್ಷದ ಹಿಂದೆ ನನಗೂ ಹೀಗೆಯೇ ಹೇಳಿದ್ದರು. ತವರಿನ ಅಂಗಳದಲ್ಲಿ ಇಳಿದಾಗ ಎಲ್ಲರಿಗೂ ಗೊತ್ತಿತ್ತು, ಡ್ರೈವರನಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ದಾರಿಯಲ್ಲಿ ನಾನು ಅವನ ಹತ್ತಿರ ಹಾಡು ಹಾಕಿಸಿಕೊಂಡಿದ್ದೆ. ಅದಕ್ಕಿಂತ ಸ್ಟೇಟಸ್ ವಾಸಿ ಎನ್ನುವುದಿಲ್ಲ. ಆದರೆ ಗಂಡಸರು ಸೇರಿ ‘ಅವಳು ತಡೆದುಕೊಳ್ಳುವುದಿಲ್ಲ’ ಎಂದು ತೀರ್ಮಾನ ಮಾಡುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಿವೃತ್ತ ಮೇಷ್ಟ್ರು (ಹೊನ್ನಾವರ) · ಮಧ್ಯಾಹ್ನ 12:30

ಸೊಸೆಯವರೇ, ನಾನು ನಿನ್ನೆ ಹೊಗಳಿದ ಪದ್ಧತಿ ಅದೇ. ಒಂದೆಳೆ ಆಸೆ ಎಂದು ಬರೆದೆ. ಆ ಎಳೆಯ ಇನ್ನೊಂದು ತುದಿಯಲ್ಲಿ ಯಾರು ಕುಳಿತಿದ್ದರು ಎಂದು ಯೋಚಿಸಿರಲಿಲ್ಲ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬಂಟಿಯಾಗಿ ಗಾಡಿ ಓಡಿಸಿಕೊಂಡು ಬರುವವನಿಗೆ ಫೋನಿನಲ್ಲಿ ಹೇಳಬೇಕೇ? ದೇವಿಮನೆ ಘಟ್ಟದ ತಿರುವಿನಲ್ಲಿ ಅವನು ಏನು ಮಾಡುತ್ತಾನೆ?

ದಾದಿ (ಕುಮಟಾ) · ಮಧ್ಯಾಹ್ನ 12:44

ಓಡಿಸುವವರಿಗೆ ಹೇಳಬೇಡಿ, ಅವರ ಪಕ್ಕದಲ್ಲಿ ಇರುವವರಿಗೆ ಹೇಳಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಊರಿನಲ್ಲಿರುವ ಗೆಳೆಯರೊಬ್ಬರನ್ನು ಮೊದಲು ಅವರ ಮನೆಗೆ ಕಳುಹಿಸಿ, ಆಮೇಲೆ ಫೋನು ಮಾಡಿ. ನಾವು ಆಸ್ಪತ್ರೆಯಲ್ಲಿ ಮಾಡುವುದು ಹಾಗೆ. ಜೊತೆಗೆ ಯಾರಾದರೂ ಇದ್ದಾರೆಯೇ, ಕುಳಿತಿದ್ದೀರಾ ಎಂದು ಕೇಳದೆ ಹೇಳುವುದಿಲ್ಲ.

ಗಾಳ (ಕುಮಟಾ) · ಮಧ್ಯಾಹ್ನ 12:50

ಇದು ನಿನ್ನೆಯಿಂದ ಬಂದ ಮಾತುಗಳಲ್ಲೇ ಹೆಚ್ಚು ಉಪಯೋಗದ್ದು. ನಾನು ಪಾರಿವಾಳದ ಕಥೆ ಹೇಳಿದ್ದಕ್ಕೆ ನಾಚಿಕೆಯಾಗುತ್ತಿದೆ.

ಕೋಡಿಬಾಗದವ (ಕಾರವಾರ) · ಮಧ್ಯಾಹ್ನ 12:53

ಪಾರಿವಾಳವೂ ಇರಲಿ. ನಾನು ನನ್ನ ತಮ್ಮನಿಗೆ ಕಳುಹಿಸಿದೆ. ಅವನು ‘ಓದಲು ಉದ್ದವಾಯಿತು, ವಿಡಿಯೋ ಇದೆಯೇ?’ ಎಂದ.

ಮೌನಿ · ಮಧ್ಯಾಹ್ನ 2:15

ಸೊಪ್ಪಿನಬೆಟ್ಟದವರೇ, ಆ ಹುಡುಗನಿಗೆ ನಾಲ್ಕು ಮಾತು ಆಡಿದಿರಾ? ಆಡಿರದಿದ್ದರೆ ಮೊದಲು ಏಕೆ ಹಾಕಿದೆ ಎಂದು ಕೇಳಿ. ನನ್ನ ಕಾರಣ ಕೆಟ್ಟದಿತ್ತು. ಅವನದು ಬೇರೆ ಇರಬಹುದು.

ಸೊಪ್ಪಿನಬೆಟ್ಟ (ಶಿರಸಿ) · ಮಂಗಳವಾರ, ಸಂಜೆ 6:10

ಕೇಳಿದೆ. ನಿನ್ನೆ ಸಂಜೆ ಅವನೇ ಬಾಳೆ ಎಲೆ ತಂದು ಕೊಡಲು ಬಂದಿದ್ದ.

ಮೊದಲು ಅವನು ಹಾಕಿದ್ದು ಊರಿನ ಗುಂಪಿಗಂತೆ. ರಸ್ತೆಗೆ ಮರ ಬಿದ್ದಿತ್ತು, ಹಳ್ಳ ದಾಟುವ ಸಂಕ ತೇಲಿ ಹೋಗಿತ್ತು. ಮನೆಯಲ್ಲಿ ಹೊರುವವರು ನಾವು ಮೂರು ಜನ, ಒಣ ಕಟ್ಟಿಗೆ ಎರಡು ದಿನಕ್ಕೂ ಸಾಲದು. ಏಳು ಗಂಟೆಯೊಳಗೆ ಇಪ್ಪತ್ತು ಜನ ಕತ್ತಿ, ಗರಗಸ ಹಿಡಿದು ಬಂದದ್ದು, ಅಟ್ಟದಲ್ಲಿಟ್ಟ ಒಣ ಕಟ್ಟಿಗೆಯನ್ನು ಪ್ಲಾಸ್ಟಿಕ್ ಹೊದಿಸಿ ಹೊತ್ತು ತಂದದ್ದು ಆ ಸಂದೇಶ ನೋಡಿ. ಜನ ತಾವಾಗಿ ಬಂದರು ಎಂದು ನಾನು ತಿಳಿದುಕೊಂಡಿದ್ದೆ. ಗುಂಪಿನಲ್ಲಿಲ್ಲದವರಿಗೂ ಕಾಣಲಿ ಎಂದು ಸ್ಟೇಟಸ್ಸಿಗೂ ಹಾಕಿದನಂತೆ. ಹೂವಿನ ಚೌಕಟ್ಟು ಏಕೆ ಎಂದರೆ ತಲೆ ತಗ್ಗಿಸಿದ. ಬರೀ ಫೋಟೋ ಹಾಕಿದರೆ ಹುಟ್ಟುಹಬ್ಬ ಎಂದುಕೊಳ್ಳುತ್ತಾರೆ ಎಂದ.

ಅಕ್ಕ ಒಳಗಿನಿಂದ ಕೇಳಿಸಿಕೊಂಡು ಬಂದಳು. ಅವಳ ಎದುರಿಗೆ ಅವನು ಅಳಲು ಸುರು ಮಾಡಿದ. ಅವಳು ಅವನಿಗೆ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿ, ‘ಮಲಗಿದ್ದಾಳೆ ಎಂದೆಯಲ್ಲ’ ಎಂದಳು, ಅಷ್ಟೇ. ಅಣ್ಣ ಜಗುಲಿಯಿಂದ ಎದ್ದು ಕೊಟ್ಟಿಗೆಯ ಕಡೆ ಹೋದ.

ಆಮೇಲೆ ಅವಳು ಮಾಣಿಯ ಹತ್ತಿರ, ಚೌಕಟ್ಟು ಇಲ್ಲದ ಫೋಟೋ ಇದೆಯೇ ಎಂದು ಕೇಳಿದಳು. ಇತ್ತು. ಯುಗಾದಿ ಕಳೆದ ಮೇಲೆ ಹಲಸಿನ ಹಪ್ಪಳ ಮಾಡುವಾಗ ಅವನು ತೆಗೆದದ್ದು. ಚೌಕಟ್ಟಿನಲ್ಲಿ ಮುಖ ಮಾತ್ರ ಇತ್ತು. ಪೂರ್ತಿ ಫೋಟೋದಲ್ಲಿ ಕೈಯಲ್ಲಿ ಹಿಟ್ಟಿನ ಉಂಡೆ ಇದೆ, ಯಾರಿಗೋ ಬೈಯುತ್ತಾ ನಗುತ್ತಿದ್ದಾರೆ. ನಮ್ಮ ಯಾರ ಮೊಬೈಲಿನಲ್ಲೂ ದೊಡ್ಡಾಯಿ ನಗುವ ಫೋಟೋ ಇರಲಿಲ್ಲ.

ಬಂಗುಡೆಸಾರು (ಅಂಕೋಲಾ) · ಸಂಜೆ 6:25

ಬೈಸಿಕೊಂಡವರು ಯಾರು?

ಸೊಪ್ಪಿನಬೆಟ್ಟ (ಶಿರಸಿ) · ಸಂಜೆ 6:27

ನಾನೇ ಇರಬೇಕು. ಹಸಿ ಹಪ್ಪಳ ಕದ್ದು ತಿನ್ನುವವನು ಆ ಮನೆಯಲ್ಲಿ ಇನ್ನಾರೂ ಇಲ್ಲ.

ನಾನೂ ಅಡ್ಮಿನ್ (ಹಳಿಯಾಳ) · ಸಂಜೆ 6:40

ನಿಯಮದ ಕಥೆ ಏನಾಯಿತು?

ಸೊಪ್ಪಿನಬೆಟ್ಟ (ಶಿರಸಿ) · ಸಂಜೆ 6:52

ಆ ಮಾಣಿಯೇ ಕುಳಿತು ಬರೆದಿದ್ದಾನೆ. ಸಹಾಯ ಬೇಕಾದರೆ ‘ಇಂಥವರ ಮನೆಗೆ ಜನ ಬೇಕು, ಕತ್ತಿ ತನ್ನಿ’ ಎಂದಷ್ಟೇ ಹಾಕುವುದು. ಹೆಸರು, ಫೋಟೋ ಆಮೇಲೆ, ಮಕ್ಕಳೆಲ್ಲರಿಗೂ ಹೇಳಿಯಾಗಿದೆ ಎಂದು ಮನೆಯವರೊಬ್ಬರು ಬರೆದ ಮೇಲೆ. ದಾದಿಯವರು ಹೇಳಿದ್ದನ್ನು ಅಕ್ಕ ಸೇರಿಸಿದಳು. ‘ಹೇಳಿಯಾಗಿದೆ ಎಂದರೆ ನಿಜ ಹೇಳಿಯಾಗಿದೆ’ ಎಂದು ಕಂಸದಲ್ಲಿ ಹಾಕಿಸಿದವಳೂ ಅವಳೇ. ಗುಂಪಿನಲ್ಲಿ ಆಗಲೇ ಇಬ್ಬರ ತಕರಾರು ಬಂದಿದೆ, ಒಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿದ್ದಾರೆ.

ನಾನೂ ಅಡ್ಮಿನ್ (ಹಳಿಯಾಳ) · ಸಂಜೆ 6:55

ಶುಭೋದಯ ಸಂಜೆಗೆ?

ಸೊಪ್ಪಿನಬೆಟ್ಟ (ಶಿರಸಿ) · ಸಂಜೆ 6:56

ಬೆಳಿಗ್ಗೆ ಕಳುಹಿಸಿದ್ದಂತೆ. ಸಿಗ್ನಲ್ ಈಗ ಬಂತು.

ನಾನೂ ಅಡ್ಮಿನ್ (ಹಳಿಯಾಳ) · ಸಂಜೆ 7:01

ಆ ಬರಹವನ್ನು ಇದ್ದ ಹಾಗೆ ಇಲ್ಲಿ ಹಾಕಿ. ನಮ್ಮ ಗುಂಪಿಗೂ ಬೇಕು.

ಸೊಪ್ಪಿನಬೆಟ್ಟ (ಶಿರಸಿ) · ಸಂಜೆ 7:20

ಹಾಕುತ್ತೇನೆ. ಕರೆಂಟ್ ಮತ್ತೆ ಹೋಯಿತು, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ನಾಳೆ ಗುಡ್ಡ ಹತ್ತಿದಾಗ.